ಪೊಯ್ಯೆಬೈಲಿನ ಕೆಂಪು

17-8-1988, ಬುಧವಾರ

ಪುನಃ ಕರೆಂಟ್ ಇಲ್ಲ. ಕಿಟಕಿಯ ಗಾಜಿಗೆ ಉಪಗ್ರಹ ಚಿತ್ರದ ಫಿಲ್ಮ್ ಒತ್ತಿ ಹಿಡಿದು ಟ್ರೇಸ್ ಮಾಡಲು ನೋಡಿದೆ. ಕೈ ಸೋತಿತು, ಗೆರೆ ಅಂಕುಡೊಂಕು. ಇವರು ತಮ್ಮ ಫೋಟೋ ಸ್ಟುಡಿಯೋದಿಂದ ಊಟಕ್ಕೆ ಬಂದವರು ನೋಡಿ, "ಎಂತ, ಕಿಟಕಿಗೆ ಪರದೆ ಹಾಕುದಾ?" ಎಂದರು. ನೆಗೆಟಿವ್ ತಿದ್ದುವ ಮೇಜಿಗೆ ಟ್ಯೂಬ್‌ಲೈಟ್ ಸಿಕ್ಕಿಸಿ ನನಗೆ ಲೈಟ್ ಟೇಬಲ್ ಮಾಡಿಕೊಟ್ಟವರು ಇವರೇ. ಅದಕ್ಕೆ ಸ್ವಲ್ಪ ತಮಾಷೆಯ ಹಕ್ಕು ಉಂಟು ಎಂದು ಬಿಟ್ಟೆ.

ಮೂರು ಗಂಟೆಗೆ ಕರೆಂಟ್ ಬಂತು. ಕುಮಾರಧಾರೆಗೆ ಸೇರುವ ಹಳ್ಳಗಳು ಒಂದು ಬದಿಯವು ಮುಗಿದವು. ಎಡಗಡೆ 1973ರ ಚಿತ್ರ, ಬಲಗಡೆ 86ರ ಜನವರಿಯದು. ಎರಡೂ ಅಮೆರಿಕದ ಉಪಗ್ರಹದವು. ಹಸಿರೆಲ್ಲ ಕೆಂಪಾಗಿ ಕಾಣುವ ಚಿತ್ರ — ಕಾಡು ಕಡುಗೆಂಪು, ನಿಂತ ಪೈರು ತಿಳಿಗೆಂಪು, ಬರಿದಾದ ಗದ್ದೆ ಬೂದಿ. ಹದಿಮೂರು ವರ್ಷದಲ್ಲಿ ನೆಲ ಎಲ್ಲೆಲ್ಲಿ ಬದಲಾಯಿತು ಎಂದು ಗುರುತು ಹಾಕುವುದು ನನ್ನ ಕೆಲಸ. ಐವರ್ನಾಡು ಬದಿಯ ಗುಡ್ಡಗಳಿಗೆ ರಬ್ಬರ್ ಹತ್ತಿದೆ. ಗದ್ದೆಗಳಿಗೆ ಅಡಿಕೆ ಇಳಿದಿದೆ. ಮೇಲಿನಿಂದ ನೋಡಿದರೆ ಊರು ಸೀರೆ ಬದಲಿಸಿದ ಹಾಗೆ.

ಇಚಿಲಂಪಾಡಿಯ ಆಚೆ ಪೊಯ್ಯೆಬೈಲು ಎಂಬ ಒಂದು ಉದ್ದನೆಯ ಗದ್ದೆಬೈಲು. 73ರಲ್ಲಿ ಪೂರ್ತಿ ತಿಳಿಗೆಂಪು. 86ರಲ್ಲಿ ಬೂದಿ. ಎರಡನೇ ಬೆಳೆ ಬಿಟ್ಟುಬಿಟ್ಟಿದ್ದಾರೆ. ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು 'ಪಾಳು' ಎಂದು ಬರೆದೆ. ಎಲ್ಲಾ ಬೈಲೂ ಇಷ್ಟು ಸುಲಭ ಇದ್ದಿದ್ದರೆ ನನ್ನ ಪಿಎಚ್‌ಡಿ ಯಾವತ್ತೋ ಮುಗಿಯುತ್ತಿತ್ತು.

ಅತ್ತೆ ಕನ್ನಡಕ ಹಾಕಿ ಬಗ್ಗಿ ನೋಡಿದರು. "ನಮ್ಮ ಹಟ್ಟಿ ಯಾವುದು ಇದರಲ್ಲಿ?" ಕಾಣುವುದಿಲ್ಲ ಎಂದೆ. "ಹಾಗಾದ್ರೆ ಅಷ್ಟು ಮೇಲೆ ಹೋಗಿ ಎಂತ ಪ್ರಯೋಜನ?"

3-9-1988, ಶನಿವಾರ

ಗೈಡ್ ರಾಧಾಕೃಷ್ಣ ಸರ್ ಬಂದಿದ್ದರು. ಮ್ಯಾಪ್ ನೋಡಿ ತಲೆ ಆಡಿಸಿದರು. ಅವರು ತಲೆ ಆಡಿಸಿದರೆ ಬೇರೆಯವರು ಭೇಷ್ ಎಂದ ಹಾಗೆ. ಇಡೀ ದಿನ ಖುಷಿ.

ಒಂದು ಹೊಸ ವಿಷಯ. ಈ ಮ್ಯಾಪ್ ಬರೀ ಥೀಸಿಸ್‌ಗೆ ಅಲ್ಲವಂತೆ. ಹಳ್ಳಗಳಿಗೆ ಕಿಂಡಿ ಅಣೆಕಟ್ಟು ಕಟ್ಟುವ ಯೋಜನೆಯವರು ಇದನ್ನೇ ಇಟ್ಟುಕೊಂಡು ಜಾಗ ಆರಿಸುತ್ತಾರೆ. ಎರಡನೇ ಬೆಳೆ ಇರುವ ಬೈಲಿಗೆ ಅಣೆಕಟ್ಟು. ಪಾಳು ಬಿದ್ದದ್ದಕ್ಕೆ ಇಲ್ಲ — ಬೆಳೆಯೇ ಬೇಡದವರಿಗೆ ನೀರು ಯಾಕೆ ಎಂದು ಅವರ ಲೆಕ್ಕ. ಮಾರ್ಚ್ ಕೊನೆಗೆ ಅಂತಿಮ ಮ್ಯಾಪ್ ಕೊಡಬೇಕು.

"ಗದ್ದೆಗೆ ಹೋಗಿ ಒಮ್ಮೆ ನೋಡಿ ಬನ್ನಿ ವಸುಮತಿ. ಪಾಳು ಅಂತ ಬರೆದದ್ದು ಪಾಳೇ ಹೌದಾ ಅಂತ," ಎಂದರು ಹೋಗುವಾಗ. ಚಿತ್ರದಲ್ಲಿ ಅಷ್ಟು ಸ್ಪಷ್ಟ ಉಂಟಲ್ಲ ಸರ್ ಎಂದೆ. ನಕ್ಕರು.

9-10-1988, ಆದಿತ್ಯವಾರ

ಕಾಲು ಬಿದ್ದುಹೋಗಿದೆ. ಆದರೂ ಬರೆಯಲೇಬೇಕು.

ಕಡಬದ ಬಸ್ಸಿನಲ್ಲಿ ಇಳಿದು ಪೊಯ್ಯೆಬೈಲಿಗೆ ನಡೆದೆ. ಮೊದಲ ಬೆಳೆಯ ಕೊಯ್ಲು ನಡೆಯುತ್ತಿತ್ತು. ಬೈಲಿನ ಮೇಲ್ತುದಿಯಲ್ಲಿ ದುಗ್ಗಪ್ಪ ಗೌಡರ ಮನೆ, ಕೆಳತುದಿಯಲ್ಲಿ ಸೀನಪ್ಪ ಗೌಡರದು, ನಡುವೆ ಐದಾರು ಮನೆ. ಸೀನಪ್ಪರ ಹೆಂಡತಿ ಪಂಕಜಾಕ್ಷಿ, ದುಗ್ಗಪ್ಪರ ಸ್ವಂತ ತಂಗಿ. ಬೈಲು ಇಡೀ ಕೊಯ್ಲಿಗೆ ಒಟ್ಟಿಗೆ ಇಳಿದಿತ್ತು.

ಕಾಲೇಜು ಟೀಚರ್ ಎಂದೂ ಪೇಟೆಯ ಸ್ಟುಡಿಯೋದವರ ಹೆಂಡತಿ ಎಂದೂ ಪರಿಚಯ ಹೇಳಿ, ಇಲ್ಲಿ ಸುಗ್ಗಿ, ಅಂದರೆ ಎರಡನೇ ಬೆಳೆ, ಬಿಟ್ಟು ಎಷ್ಟು ವರ್ಷ ಆಯಿತು ಎಂದು ಕೇಳಿದೆ. ದುಗ್ಗಪ್ಪರು ಬಾಯಿಯ ಎಲೆಯಡಿಕೆ ಉಗುಳಿ ಬಂದರು.

"ಬಿಡುದಾ? ಯಾರು ಹೇಳಿದ್ದು ನಿಮ್ಗೆ?"

"ಮೇಲಿನಿಂದ ತೆಗೆದ ಫೋಟೋ ಉಂಟು."

"ಫೋಟೋ ತೆಗೆದವರಿಗೆ ಹೇಳಿ ಟೀಚರ್, ಹೋದ ಸುಗ್ಗಿಯ ಅಕ್ಕಿ ಇನ್ನೂ ಮನೆಯಲ್ಲಿ ಉಂಟು ಅಂತ. ನೀವು ಊಟ ಮಾಡಿಯೇ ಹೋಗುದು."

ಊಟ ಮಾಡಿದೆ. ಸುಗ್ಗಿಯ ಅಕ್ಕಿಯೇ. ಚೀಲದಿಂದ ಚಿತ್ರ ತೆಗೆದು ಬೂದಿ ಬಣ್ಣದ ಬೈಲನ್ನು ತೋರಿಸಿದೆ. ಅಣೆಕಟ್ಟಿನ ವಿಷಯವನ್ನೂ ಹೇಳಿದೆ. ಎಲ್ಲರೂ ಹತ್ತಿರ ಬಂದರು. ವರ್ಷ ವರ್ಷ ಕಲ್ಲು ಮಣ್ಣು ಹೊತ್ತು ಹಳ್ಳಕ್ಕೆ ಅಡ್ಡ ಕಟ್ಟ ಹಾಕುವುದು, ಮಳೆಗಾಲದಲ್ಲಿ ಅದು ಕೊಚ್ಚಿಹೋಗುವುದು, ಪುನಃ ಹೊರುವುದು. ಕಿಂಡಿ ಅಣೆಕಟ್ಟು ಬಂದರೆ ಹಲಗೆ ಇಳಿಸಿದರೆ ಆಯಿತು. ಅವರಿಗೆ ಅದು ಬೇಕೇ ಬೇಕು.

"ಹಾಗಾದ್ರೆ 86ರ ಜನವರಿಯಲ್ಲಿ ಯಾಕೆ ಬೆಳೆ ಇಲ್ಲ?" ಎಂದೆ.

ಸೀನಪ್ಪರು, "ಆ ವರ್ಷ ಮಳೆ ಇರ್ಲಿಲ್ಲ" ಎಂದರು.

ಮಳೆಯ ಅಂಕಿ ನನ್ನಲ್ಲಿ ಇತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ. "ಇತ್ತು. ಚೆನ್ನಾಗಿಯೇ ಬಂದಿತ್ತು," ಎಂದೆ.

ಸೀನಪ್ಪರು ಮಾಡಿನ ಹಂಚು ನೋಡಿದರು. ದುಗ್ಗಪ್ಪರು, "ಬಾವನ ಹತ್ರ ಕೇಳಿ, ಅವರಿಗೆ ಗೊತ್ತುಂಟು" ಎಂದರು. ಸೀನಪ್ಪರು, "ನನ್ನ ಹತ್ರ ಎಂತದಕ್ಕೆ? ಅವರ ಹತ್ರವೇ ಕೇಳಿ" ಎಂದರು. ಪಂಕಜಾಕ್ಷಿ ಎದ್ದು ಒಳಗೆ ಹೋದರು, ಪಾತ್ರೆಗಳ ಸದ್ದು ಜೋರಾಯಿತು. ಉಳಿದವರು ತಮ್ಮೊಳಗೆ ಮನೆಮಾತು ಅರೆಭಾಷೆಯಲ್ಲಿ ಪಿಸುಗುಟ್ಟಿದರು. ಬಸ್ಸಿನವರೆಗೆ ಯಾರೂ ಬಿಡಲು ಬರಲಿಲ್ಲ. ಎಂತದೋ ಆಗಿದೆ. ಎಂತದು ಎಂದು ಗೊತ್ತಿಲ್ಲ.

24-10-1988, ಸೋಮವಾರ

ಇರಲಾರದೆ ಇರುವೆ ಬಿಟ್ಟುಕೊಂಡ ಹಾಗೆ ಆಯಿತು ನನ್ನ ಕಥೆ.

ಸಂತೆ ದಿನ. ಕಾಲೇಜಿನಿಂದ ಬರುವಾಗ ಪಂಕಜಾಕ್ಷಿ ಸ್ಟುಡಿಯೋದ ಬೆಂಚಿನಲ್ಲಿ ಕೂತಿದ್ದರು, ಮಡಿಲಲ್ಲಿ ಸಂತೆಯ ಚೀಲ. ಇವರು ಗಿರಾಕಿ ಎಂದು ತಿಳಿದು ತಲೆ ಬಾಚಲು ಬಾಚಣಿಗೆ ಕೊಟ್ಟಿದ್ದರಂತೆ. ಅವರು ಬಾಚಿಕೊಂಡೂ ಆಗಿತ್ತು.

ಮನೆಗೆ ಕರೆತಂದೆ. ಚಾ ಕುಡಿಯುತ್ತಾ ಹೇಳಿದರು:

"ಕಟ್ಟ ಹಾಕುವ ದಿನ ಮೊದಲ ಕಲ್ಲು ಅಣ್ಣನದ್ದು. ಅಜ್ಜನ ಕಾಲದ ಕ್ರಮ. ಆದ್ರೆ ಅಣ್ಣ ತಾನಾಗಿ ಹೋಗುದಿಲ್ಲ. ಕೆಳಗಿನ ಮನೆಯ ಯಜಮಾನ ವೀಳ್ಯ ಹಿಡ್ಕೊಂಡು ಅವರ ಅಂಗಳಕ್ಕೆ ಹೋಗಿ ಕರೀಬೇಕು. ಆ ವರ್ಷ ನಮ್ಮವರ ಕಾಲಿಗೆ ಪೆಟ್ಟಾಗಿತ್ತು. ಕೆಲಸದ ಚೆನ್ನುವಿನ ಕೈಲಿ ವೀಳ್ಯ ಕಳ್ಸಿದ್ರು. ಅಣ್ಣ ಮುಟ್ಲಿಲ್ಲ. 'ಬಾವನಿಗೆ ಕಾಲು ಇಲ್ಲದಿದ್ರೆ ಎತ್ತಿನ ಗಾಡಿ ಇತ್ತಲ್ಲ' ಅಂತ ಹೇಳಿದ್ರು. ಅದು ಕೇಳಿ ಇವರಿಗೆ ಸಿಟ್ಟು. ಆಯ್ತು, ಮುಗೀತು."

"ಉಳಿದ ಮನೆಯವರು ಸೇರಿ ಹಾಕಬಹುದಿತ್ತಲ್ಲ?"

ಪಂಕಜಾಕ್ಷಿ ನನ್ನನ್ನು ಪಾಪ ಎಂಬ ಹಾಗೆ ನೋಡಿದರು. "ಮೊದಲ ಕಲ್ಲು ಬೀಳದೆ ಎರಡನೇ ಕಲ್ಲು ಯಾರು ಇಡುದು ಮಾರಾಯ್ರೆ?"

ಒಂದು ಬೈಲಿಗೆ ಬೈಲೇ ಒಣಗಿತು. ನೀರು ಹರಿದು ಹೊಳೆಗೆ ಹೋಯಿತು. ಅದೇ ಜನವರಿಯಲ್ಲಿ ಉಪಗ್ರಹ ಮೇಲಿನಿಂದ ಚಿತ್ರ ತೆಗೆಯಿತು. ಮರುವರ್ಷ ಇಬ್ಬರೂ ತೆಪ್ಪಗೆ ಸರಿಯಾದರು. ಆ ಮಾತನ್ನು ಇನ್ನು ಯಾರೂ ಎತ್ತಬಾರದು ಎಂದು ಬೈಲಿನಲ್ಲಿ ಒಪ್ಪಂದವೂ ಆಗಿತ್ತು.

"ಈಗ ನೀವು ಎತ್ತಿದ್ರಿ. ನೀವು ಹೋದ ಮೇಲೆ, ಬೈಲಿನ ಮರ್ಯಾದೆ ತೆಗ್ದದ್ದು ನೀನು ಅಂತ ಇವರು, ನೀನು ಅಂತ ಅಣ್ಣ. ಮಾತು ಬಿಟ್ಟಾಯ್ತು. ಈ ವರ್ಷವೂ ಕಟ್ಟ ಇಲ್ಲ ಅಂತ ಇಟ್ಕೊಳ್ಳಿ."

ತಪ್ಪಾಯಿತು ಎಂದೆ. ಹೋಗುವಾಗ ಅವರೇ ನನ್ನ ಬೆನ್ನು ತಟ್ಟಿದರು. ಅದು ಇನ್ನೂ ನಾಚಿಕೆ.

26-10-1988, ಬುಧವಾರ

ಕಾಲೇಜಿನ ಆಫೀಸಿನಿಂದ ಸರ್‌ಗೆ ಟ್ರಂಕ್ ಕಾಲ್. 86ರದ್ದು ಒಂದೇ ವರ್ಷದ ಮಾತು, ಜಗಳದಿಂದ ಆದದ್ದು, ಪಾಳು ಎಂಬುದನ್ನು ಅಳಿಸುತ್ತೇನೆ ಎಂದೆ.

"ಮ್ಯಾಪಿನಲ್ಲಿ ಜಗಳಕ್ಕೆ ಯಾವ ಬಣ್ಣ ವಸುಮತಿ?"

ಸಿಟ್ಟು ಬಂತು. ಆದರೆ ಅವರು ಹೇಳಿದ್ದೂ ಸರಿ. ಹೀಗೆ ಒಂದೊಂದು ಬೈಲಿನವರ ಮಾತಿಗೆ ಅಳಿಸುತ್ತಾ ಹೋದರೆ ಮ್ಯಾಪ್ ಯಾಕೆ? ಕೊನೆಗೆ ದಾರಿ ಅವರೇ ಹೇಳಿದರು. ಮಾರ್ಚ್‌ನಲ್ಲಿ ಮೇಲೆ ಹೋದ ನಮ್ಮದೇ ದೇಶದ ಉಪಗ್ರಹ ಈಗ ಚಿತ್ರ ಕಳಿಸುತ್ತಿದೆ. ಬರುವ ಜನವರಿಯ ಚಿತ್ರ ಹೈದರಾಬಾದಿನ ಉಪಗ್ರಹ ಕೇಂದ್ರದಿಂದ ತರಿಸೋಣ. ಅದರಲ್ಲಿ ಪೊಯ್ಯೆಬೈಲು ಕೆಂಪಾದರೆ ಎರಡು ಬೆಳೆ. ಬೂದಿಯಾದರೆ ಪಾಳು, ಅಣೆಕಟ್ಟು ಇಲ್ಲ.

ಅಂದರೆ ಈ ವರ್ಷವೇ ಕಟ್ಟ ಬೀಳಬೇಕು. ಈ ವರ್ಷವೇ ಅವರು ಮಾತು ಬಿಟ್ಟಿರುವುದು. ಬಿಡುವ ಹಾಗೆ ಮಾಡಿದ್ದು ನಾನು. ಇವರಿಗೆ ಹೇಳಿದರೆ, "ನನ್ನ ಗಿರಾಕಿಗಳು ಸ್ಮೈಲ್ ಪ್ಲೀಸ್ ಅಂದ್ರೆ ನಗ್ತಾರೆ. ನಿನ್ನವರು ನಗ್ಬೇಕಾದ್ರೆ ಹಳ್ಳಕ್ಕೆ ಕಲ್ಲು ಹಾಕ್ಬೇಕು" ಎಂದು ನಕ್ಕರು. ನನಗೂ ನಗು ಬಂತು, ಸಿಟ್ಟಿನ ನಡುವೆಯೇ.

13-11-1988, ಆದಿತ್ಯವಾರ

ದೀಪಾವಳಿ ಕಳೆದು ಮೂರು ದಿನ. ಹಳ್ಳದಲ್ಲಿ ನೀರು ಇಳಿದಿದೆ. ಕಟ್ಟ ಹಾಕುವ ಸಮಯ. ಪೊಯ್ಯೆಬೈಲಿಗೆ ಹೋದೆ. ಭತ್ತದ ನೇಜಿ ಎದ್ದು ನಿಂತಿದೆ, ನೆಡುವ ಗದ್ದೆಗೆ ನೀರಿಲ್ಲ. ಹಳ್ಳ ಸುಮ್ಮನೆ ಹರಿದು ಹೋಗುತ್ತಿದೆ.

ದುಗ್ಗಪ್ಪರು ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ನನ್ನ ಮೇಲೆ ಸಿಟ್ಟಿಲ್ಲ, ಎಲ್ಲಾ ಸಿಟ್ಟೂ ಬಾವನ ಮೇಲೆಯೇ. ಜನವರಿಯ ಚಿತ್ರದ ವಿಷಯ ಹೇಳಿದೆ.

"ಅದು ಯಾವ ಹೊತ್ತಿಗೆ ಬರುದು?"

"ಬೆಳಿಗ್ಗೆ ಹತ್ತೂವರೆ ಹತ್ತಿರ."

"ನನ್ನ ಹೊಸ ಮಾಡು ಕಾಣ್ತದಾ? ಮಂಗಳೂರು ಹಂಚು."

ಕಾಣುವುದಿಲ್ಲ, ಗದ್ದೆ ಮಾತ್ರ ಕಾಣುತ್ತದೆ ಎಂದೆ. ಬೇಜಾರಾದರು. ಕಟ್ಟದ ಮಾತು ತೆಗೆದೆ.

"ನಾನು ಬೇಡ ಹೇಳಿದ್ದಾ? ಅವರು ಕರೀಲಿಕ್ಕೆ ಬರ್ಲಿ. ಬಂದ ಗಳಿಗೆಯಲ್ಲಿ ಹೊರಡ್ತೇನೆ. ಚಪ್ಪಲಿ ಸಹ ಹಾಕುದಿಲ್ಲ."

ಕೆಳಗಿನ ಮನೆಗೆ ಹೋದೆ. ಸೀನಪ್ಪರು ಕೂಡ ಬೊಂಡ ಕೆತ್ತಿದರು. ಹೊಟ್ಟೆಯಲ್ಲಿ ಜಾಗ ಇಲ್ಲದಿದ್ದರೂ ಕುಡಿದೆ; ಒಂದು ಮನೆಯದು ಕುಡಿದು ಇನ್ನೊಂದನ್ನು ಬಿಟ್ಟರೆ ಅದೂ ಒಂದು ಕೇಸು.

"ಕರೀಲಿಕ್ಕೆ ಹೋಗ್ಲಿಕ್ಕೆ ನಂಗೆ ಬೇನೆಯಾ? ಆದ್ರೆ ಅವರು ಮೊದ್ಲು ಆ ಗಾಡಿಯ ಮಾತು ಹಿಂದೆ ತೆಕ್ಕೊಳ್ಳಿ."

"ನೀವು ಇಬ್ರೂ ಹೀಗೆ ಕೂತ್ರೆ ಅಣೆಕಟ್ಟು ಬೇರೆ ಬೈಲಿಗೆ ಹೋಗ್ತದೆ," ಎಂದೆ. ದನಿ ಸ್ವಲ್ಪ ಏರಿತು.

"ಹೋಗ್ಲಿ ಟೀಚರ್. ಅಣೆಕಟ್ಟು ಇಲ್ಲದೆಯೂ ಅಪ್ಪ ಅಜ್ಜ ಬದುಕಿದ್ದಾರೆ." ಹೇಳಿದರು, ಆದರೆ ಕಣ್ಣು ಹಳ್ಳದ ಕಡೆಗೆ ಹೋಯಿತು.

ಎರಡು ಕೋಣಗಳ ಜಗಳದಲ್ಲಿ ಗಿಡಕ್ಕೆ ಮಿತ್ತು. ನಡುವಿನ ಮನೆಯ ಸೇವಂತಿ ಎಂಬಾಕೆ ನೇಜಿಯ ಬದಿಯಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ಪಂಕಜಾಕ್ಷಿ ಮಾತ್ರ ಗೇಟಿನವರೆಗೆ ಬಂದು, "ನೀವು ಬಾಯಿ ಮುಚ್ಚಿ ಮನೆಗೆ ಹೋಗಿ. ಇನ್ನು ನಾನು ನೋಡ್ಕೊಳ್ತೇನೆ" ಎಂದರು. ಹೀಗೆ ಬೈಸಿಕೊಂಡು ಇಷ್ಟು ಸಮಾಧಾನ ಆದದ್ದು ಇದೇ ಮೊದಲು.

22-11-1988

ಸುದ್ದಿ ಇಲ್ಲ. ಸುಳ್ಯ ಕಡೆಯ ಹಾಳೆ ಟ್ರೇಸ್ ಮಾಡಿದೆ. ಕೈ ಅಲ್ಲಿ, ಮನಸ್ಸು ಪೊಯ್ಯೆಬೈಲಿನಲ್ಲಿ.

25-11-1988, ಶುಕ್ರವಾರ

ಕಡಬ ಬಸ್ಸಿನ ಕಂಡಕ್ಟರ್ ಸ್ಟುಡಿಯೋಕ್ಕೆ ಬಂದು ಹೇಳಿ ಹೋದನಂತೆ: "ಟೀಚರ್ ಆದಿತ್ಯವಾರ ಪೊಯ್ಯೆಬೈಲಿಗೆ ಬರ್ಬೇಕಂತೆ. ಹಳೆ ಸೀರೆ ಉಟ್ಕೊಂಡು." ಎಂತದಕ್ಕೆ ಎಂದು ಅವನಿಗೂ ಗೊತ್ತಿಲ್ಲ.

27-11-1988, ಆದಿತ್ಯವಾರ

ಮೈಯಿಡೀ ಕೆಸರು. ಅತ್ತೆ ಅಂಗಳದಲ್ಲೇ ನಿಲ್ಲಿಸಿ ನೀರು ಹೊಯ್ದರು. ಇಷ್ಟು ಖುಷಿ ನನಗೆ ಎಂ.ಎ. ಪಾಸಾದ ದಿನವೂ ಆಗಿರಲಿಲ್ಲ.

ಬಸ್ಸಿಳಿದು ಹೋಗುವಾಗಲೇ ಸದ್ದು ಕೇಳಿತು. ಬೈಲಿಗೆ ಬೈಲೇ ಹಳ್ಳದಲ್ಲಿ ಇಳಿದಿತ್ತು. ಅಡಿಕೆಮರದ ತುಂಡುಗಳನ್ನು ಹುಗಿದು, ಕಲ್ಲು ಪೇರಿಸಿ, ಸೊಪ್ಪು ತುರುಕಿ, ಮೇಲೆ ಮಣ್ಣು ಮೆತ್ತುತ್ತಿದ್ದರು. ನಡುನೀರಲ್ಲಿ ದುಗ್ಗಪ್ಪರು, ಪಕ್ಕದಲ್ಲಿ ಸೀನಪ್ಪರು. ಒಬ್ಬರು ಇಟ್ಟ ಕಲ್ಲು ಇನ್ನೊಬ್ಬರಿಗೆ ಸರಿ ಕಾಣುವುದಿಲ್ಲ, ತೆಗೆದು ಪುನಃ ಇಡುತ್ತಾರೆ. ಮಾತು ಪೂರ್ತಿ ಬಂದಿತ್ತು ಎಂದು ಅದರಲ್ಲೇ ತಿಳಿಯಿತು.

ಪಂಕಜಾಕ್ಷಿ ನನ್ನ ತಲೆಗೂ ಒಂದು ಮಣ್ಣಿನ ಬುಟ್ಟಿ ಏರಿಸಿದರು. ಹೊರುತ್ತಾ ಹೋದಂತೆ ಕಥೆ ಹೇಳಿದರು. ಹೋದ ಸೋಮವಾರ ಬೆಳಿಗ್ಗೆ ಗಂಡನಿಗೆ ಗಂಜಿ ಬಡಿಸಿ, ತಮ್ಮ ಅತ್ತೆಯನ್ನು ಕರೆದುಕೊಂಡು, ಹಾಲು ಕೊಡುವ ಎರಡು ದನಗಳನ್ನೂ ಹೊಡೆದುಕೊಂಡು, ಬೈಲಿನ ಉದ್ದಕ್ಕೆ ನಡೆದು ತವರಿಗೆ ಹೋಗಿ ಕೂತರಂತೆ. ಅಣ್ಣ ಬೆಚ್ಚಿಬಿದ್ದು ಎಂತ ವಿಷಯ ಎಂದರೆ, "ಈ ವರ್ಷ ನಮ್ಮಲ್ಲಿ ಸುಗ್ಗಿ ಇಲ್ಲ. ಉಣ್ಲಿಕ್ಕೆ ತವರಲ್ಲದೆ ಬೇರೆ ಎಲ್ಲಿ ಹೋಗುದು? ಮಳೆ ಬರುವವರೆಗೆ ಇಲ್ಲೇ."

"ಅತ್ತೆ ಒಪ್ಪಿದ್ರಾ?"

"ಅವರೇ ಮೊದ್ಲು ಸೀರೆ ಕಟ್ಟಿದ್ದು."

ಅತ್ತ ದುಗ್ಗಪ್ಪರಿಗೆ ಬಾವನ ತಾಯಿಗೆ ಹೊತ್ತು ಹೊತ್ತಿಗೆ ಉಪಚಾರ ಮಾಡುವ ಸಂಕಟ. ಇತ್ತ ಸೀನಪ್ಪರಿಗೆ ಹಾಲಿಲ್ಲದ ಚಾ, ತಾನೇ ಬೇಯಿಸಿದ ಗಂಜಿ, ದಾರಿಯಲ್ಲಿ ಸಿಕ್ಕವರೆಲ್ಲ ಕೇಳುವ "ಒಬ್ಬರೇ ಇದ್ದೀರಾ?" ಗುರುವಾರ ಸಂಜೆ ಸೀನಪ್ಪರು ಬಿಳಿ ಪಂಚೆ ಉಟ್ಟು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದರು. ಹೆಂಡತಿಯ ತವರಿಗೆ ಹೀಗೆ ಬರುವವನು ಬರಿಗೈಯಲ್ಲಿ ಬರುವ ಕ್ರಮ ಇಲ್ಲ. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ.

ದುಗ್ಗಪ್ಪರು ತಟ್ಟೆ ತೆಗೆದುಕೊಂಡರು. ಒಂದು ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿದರು. "ಬಾವ ವೀಳ್ಯ ಹಿಡ್ಕೊಂಡು ಅಂಗಳಕ್ಕೆ ಬಂದಾಯ್ತಲ್ಲ. ಆದಿತ್ಯವಾರ ಕಟ್ಟಕ್ಕೆ ಹೋಗುವ."

"ನಾನು ಬಂದದ್ದು ಹೆಂಡತಿಗೆ," ಎಂದರಂತೆ ಸೀನಪ್ಪರು.

"ಯಾವುದಕ್ಕೆ ಬಂದದ್ದು ಅಂತ ಎಲೆಯಲ್ಲಿ ಬರ್ದಿಲ್ಲ ಬಾವ."

ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಗಾಡಿಯ ಮಾತನ್ನು ದುಗ್ಗಪ್ಪರು ಹಿಂದೆ ತೆಗೆದುಕೊಂಡದ್ದೂ ಇಲ್ಲ, ಸೀನಪ್ಪರು ಅದನ್ನು ಕೇಳಿದ್ದೂ ಇಲ್ಲ.

ನಾಲ್ಕು ಗಂಟೆಗೆ ನೀರು ನಿಂತಿತು. ಹಿಂದೆ ಹಿಂದೆ ಏರಿ ಗದ್ದೆಗಳ ತೋಡಿಗೆ ಹೊಕ್ಕಿತು. ಸೇವಂತಿ ಓಡಿಹೋಗಿ ತನ್ನ ಗದ್ದೆಯ ಬದುವಿನ ಕಂಟ ಒಡೆದಳು. ನೀರು ಒಳಗೆ ಹರಿಯುವುದನ್ನು ನೋಡಿ ನನಗೆ ಅಳು ಬಂತು. ಕೆಸರಿನಲ್ಲಿ ಯಾರಿಗೂ ಕಾಣಲಿಲ್ಲ.

24-1-1989, ಮಂಗಳವಾರ

ಇವತ್ತು ಉಪಗ್ರಹ ನಮ್ಮ ಮೇಲೆ ಹಾದುಹೋಗುವ ದಿನ. ನಿನ್ನೆ ಸಂಜೆಯಿಂದ ಮೋಡ. ಎಲ್ಲಿಂದ ಬಂತೋ ಹಾಳಾದ್ದು. ಅತ್ತೆ ದೇವರಿಗೆ ಕಾಯಿ ಇಟ್ಟರು — ಮಳೆ ಬರಲಿ ಎಂದು ಇಡುವುದು ಗೊತ್ತು, ಮೋಡ ಹೋಗಲಿ ಎಂದು ಇಟ್ಟದ್ದು ಇದೇ ಮೊದಲಂತೆ. ಒಂಬತ್ತಕ್ಕೆ ಬಿಸಿಲು ಬಂತು. ಹತ್ತೂವರೆಗೆ ಕಾಲೇಜಿನ ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಎಂತ ಕಾಣುತ್ತದೆ? ಒಂದು ಗಿಡುಗ. ಆದರೂ ಸೆರಗು ಸರಿಮಾಡಿಕೊಂಡೆ.

18-2-1989

ಹೈದರಾಬಾದಿನಿಂದ ಏನೂ ಬಂದಿಲ್ಲ. ಪೊಯ್ಯೆಬೈಲಿನಲ್ಲಿ ಕೊಯ್ಲು ಶುರುವಾಗಿದೆ ಎಂದು ಕಂಡಕ್ಟರ್ ಹೇಳಿದ. ದುಗ್ಗಪ್ಪರು ಕೇಳಿ ಕಳಿಸಿದ್ದಾರೆ — ಫೋಟೋ ತೊಳೆದು ಆಯಿತಾ ಎಂದು. ಇವರಿಗೆ ಆ ಪ್ರಶ್ನೆ ಬಹಳ ಹಿಡಿಸಿತು.

21-3-1989, ಮಂಗಳವಾರ, ಸಂಜೆ

ಬಂತು. ಸರ್ ತಾವೇ ತಂದರು, ಕೊಳವೆಯಲ್ಲಿ ಸುತ್ತಿ. ಲೈಟ್ ಟೇಬಲ್ ಮೇಲೆ ಹಾಸಿ ನಾಲ್ಕು ಮೂಲೆಗೆ ಇವರ ಲೆನ್ಸ್ ಡಬ್ಬಿಗಳನ್ನಿಟ್ಟೆವು. ಹೊಳೆ ಹುಡುಕಿದೆ, ಹಳ್ಳ ಹುಡುಕಿದೆ.

ಕೆಂಪು. ಮೇಲಿನ ಮನೆಯಿಂದ ಕೆಳಗಿನ ಮನೆಯವರೆಗೆ, ನಡುವೆ ಎಲ್ಲೂ ತುಂಡಾಗದೆ, ಉದ್ದಕ್ಕೆ ತಿಳಿಗೆಂಪು. ಅತ್ತೆ ಬಗ್ಗಿ ನೋಡಿ, "ಓ, ಇದು ಕಾಣ್ತದೆ" ಎಂದರು. ಸರ್ ರಬ್ಬರ್ ತೆಗೆದುಕೊಂಡು ನನ್ನ ಅಡ್ಡಗೆರೆಗಳನ್ನು ತಾವೇ ಅಳಿಸಿದರು. 'ಎರಡು ಬೆಳೆ' ಎಂದು ಬರೆದರು. ಅಣೆಕಟ್ಟಿನ ಪಟ್ಟಿಗೆ ಪೊಯ್ಯೆಬೈಲು ನಾಳೆಯೇ ಸೇರುತ್ತದೆ. ಆಮೇಲೆ ವೀಳ್ಯದ ಕಥೆ ಪೂರ್ತಿ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

"ಉಳಿದದ್ದನ್ನು ತಿಂಗಳ ಕೊನೆಯ ಒಳಗೆ ಮುಗಿಸಿ," ಎಂದು ಹೇಳಿ ಕೊನೆಯ ಬಸ್ಸಿಗೆ ಹೊರಟರು.

ಉಳಿದದ್ದು ಮುಗಿಸಲು ಕೂತೆ. ಕೂತದ್ದೇ ತಪ್ಪು. ಐವರ್ನಾಡಿನ ಬದಿಯಲ್ಲಿ ಒಂದು ಬೈಲು, 86ರಲ್ಲೂ ಬೂದಿ, ಈಗಲೂ ಬೂದಿ. ಅದರ ಮೇಲಿನ ಹಳ್ಳದ ಇನ್ನೊಂದು, ಅದೂ ಹಾಗೆಯೇ. ಎಲ್ಲದಕ್ಕೂ ಅಡ್ಡಗೆರೆ, ಎಲ್ಲದಕ್ಕೂ ನನ್ನದೇ ಅಕ್ಷರ: ಪಾಳು. ಪಾಳು. ಪಾಳು. ಬರೆಯುವಾಗ ಎಷ್ಟು ಧೈರ್ಯ ಇತ್ತು ನನಗೆ. ಇದರಲ್ಲಿ ನಿಜವಾಗಿ ಪಾಳು ಬಿದ್ದದ್ದು ಎಷ್ಟು, ಮಾತು ಬಿಟ್ಟದ್ದು ಎಷ್ಟು? ಕೊನೆಯ ತಾರೀಕಿಗೆ ಹತ್ತು ದಿನ ಉಂಟು. ಪೆನ್ಸಿಲ್ ಕೆಳಗಿಟ್ಟೆ. ನಾಳೆ ಬೆಳಿಗ್ಗೆ ಸುಳ್ಯದ ಮೊದಲ ಬಸ್ಸು, ರಜೆ ಅರ್ಜಿ ಇವರ ಕೈಯಲ್ಲಿ ಕೊಟ್ಟಾಯಿತು. ಐವರ್ನಾಡಿನಲ್ಲಿ ಇಳಿದು ಮಳೆಯ ವಿಷಯ ಮಾತ್ರ ತೆಗೆಯಬಾರದು. ಮೊದಲು ಯಾರ ಮನೆಯ ಜಗಲಿ ಹತ್ತುವುದು ಎಂದು ಯಾರನ್ನಾದರೂ ಕೇಳಿ, ಆಮೇಲೆಯೇ ಗದ್ದೆಯ ಮಾತು ತೆಗೆಯಬೇಕು.